ಕುಮಟಾದಿಂದ ಹುಬ್ಬಳ್ಳಿಗೆ ರೈಲಲ್ಲಿ ಹೋಗಿ ನೋಡಿ

ಕುಮಟಾದಿಂದ ಹುಬ್ಬಳ್ಳಿಗೆ ಶಿರಸಿ ಮೇಲೆ ಹೋದರೆ ಹೆಚ್ಚುಕಮ್ಮಿ 160 ಕಿಲೋಮೀಟರ್. ರೈಲಲ್ಲೇ ಹೋಗ್ತೀನಿ ಅಂತ ಹಟ ಹಿಡಿದರೆ ಮೊದಲು ಮಡಗಾಂವ್‌ಗೆ ಹೋಗಬೇಕು. ಅಲ್ಲಿ ಗಾಡಿ ಬದಲಿಸಿ, ದೂಧ್‌ಸಾಗರದ ಪಕ್ಕ ಘಟ್ಟ ಹತ್ತಿ, ಕ್ಯಾಸಲ್‌ರಾಕ್, ಲೋಂಡಾ, ಧಾರವಾಡ ದಾಟಿ ಹುಬ್ಬಳ್ಳಿ. ಪಕ್ಕದ ಜಿಲ್ಲೆಗೆ ಹೋಗೋಕೆ ಪಕ್ಕದ ರಾಜ್ಯ ಸುತ್ತಬೇಕು! ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಘಟ್ಟ ಇಳಿಯುವ ನೇರ ರೈಲು ಬೇಕು ಅನ್ನೋದು ಇದಕ್ಕೇ.

"ಘಟ್ಟ ಅಡ್ಡ ಇದೆ, ಏನು ಮಾಡೋಕಾಗತ್ತೆ" ಅನ್ನುವವರು ಬಹಳ ಮಂದಿ. ಘಟ್ಟ ಆಗಲೂ ಇತ್ತು ಸ್ವಾಮಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಹಾಯಿಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿಯ ಲೆಕ್ಕ, ಕಾರವಾರ ಬಂದರಿನ ಆಸೆ.

ಆಮೇಲೆ 1880ರ ದಶಕದ ಕೊನೆಗೆ ಗೋವಾದ ಮುರ್ಮುಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಬಂತು. ಸರಕು ಆ ಕಡೆ ತಿರುಗಿತು. ನಮ್ಮ ಸಮುದ್ರ ಅಲ್ಲೇ ಇತ್ತು, ಘಟ್ಟವೂ ಅಲ್ಲೇ ಇತ್ತು. ಹಳಿ ಮಾತ್ರ ಬೇರೆ ಕಡೆ ಬಿತ್ತು. ಇವತ್ತಿಗೂ ಕ್ಯಾಸಲ್‌ರಾಕ್ ಬಿಟ್ಟರೆ ಘಟ್ಟ ಇಳಿಯುವ ಮುಂದಿನ ರೈಲು ದಾರಿ ದೂರದ ಸಕಲೇಶಪುರ-ಸುಬ್ರಹ್ಮಣ್ಯದ್ದು. ಶಿವಮೊಗ್ಗದ ಹಳಿ ತಾಳಗುಪ್ಪದವರೆಗೆ ಬಂದು ನಿಂತುಬಿಟ್ಟಿದೆ.

ಕೊಂಕಣ ರೈಲ್ವೆ ಬಂತಲ್ಲ ಅಂತೀರಾ? ಬಂತು, 1998ರಲ್ಲಿ. ಅದು ಕರಾವಳಿ ಉದ್ದಕ್ಕೆ ಓಡುತ್ತದೆ, ಘಟ್ಟ ಹತ್ತುವುದಿಲ್ಲ. ನಮ್ಮ ಸ್ಟೇಷನ್ನಿನಲ್ಲಿ ನಿಂತು ರೋ-ರೋ ಗಾಡಿ ನೋಡಿ. ಸುರತ್ಕಲ್‌ನಲ್ಲಿ ಹತ್ತಿದ ಲಾರಿಗಳು ಸಾಲಾಗಿ ವ್ಯಾಗನ್ ಮೇಲೆ ಕೂತು ಮಹಾರಾಷ್ಟ್ರದ ಕೋಲಾಡಿಗೆ ಹೋಗುತ್ತಿರುತ್ತವೆ. ಡ್ರೈವರ್ ತನ್ನ ಲಾರಿಯ ಕ್ಯಾಬಿನ್ನಿನಲ್ಲೇ ಆರಾಮಾಗಿ ಕಾಲು ಚಾಚಿ ಕೂತಿರುತ್ತಾನೆ. ಡೀಸೆಲ್ ಉಳಿಯುತ್ತದೆ, ಒಳ್ಳೆಯದೇ. ನಮಗೆ ಮಾತ್ರ ಒಂದು ಚಹಾದ ವ್ಯಾಪಾರವೂ ಇಲ್ಲ.

ಉಳಿದದ್ದು ಪ್ರವಾಸೋದ್ಯಮ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಸ್ಲೀಪರ್ ಬಸ್, ಶನಿವಾರ ಗೋಕರ್ಣದ ಓಂ ಬೀಚ್, ಭಾನುವಾರ ರಾತ್ರಿ ವಾಪಸ್. ಬರಲಿ, ಬೇಡ ಅನ್ನಲ್ಲ. ಆದರೆ ಮಳೆಗಾಲ ಹಿಡಿದರೆ ನೀರಿಗಿಳಿಯುವಂತಿಲ್ಲ, ದಂಡೆಯ ಗುಡಿಸಲುಗಳು ಮುಚ್ಚುತ್ತವೆ, ಕೆಲಸದ ಹುಡುಗರು ಊರಿಗೆ. ವರ್ಷದಲ್ಲಿ ನಾಲ್ಕು ತಿಂಗಳು ಬಾಗಿಲು ಹಾಕುವ ವ್ಯಾಪಾರ ನಂಬಿ ಜಿಲ್ಲೆ ನಡೆಯತ್ತಾ? ದೊಡ್ಡ ಕಾಯಿಲೆ ಬಂದರೆ ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಇದೇ ಫೇಸ್‌ಬುಕ್‌ನಲ್ಲಿ ಎಷ್ಟು ಕೂಗಿದೆವು, ನೆನಪಿದೆ ಅಲ್ವಾ?

ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು 1990ರ ದಶಕದಿಂದ ಕೇಳುತ್ತಲೇ ಇದ್ದೇವೆ. ಕಾಡು ಹೋಗತ್ತೆ ಅನ್ನುವವರ ಜೊತೆ ನನಗೆ ಜಗಳವಿಲ್ಲ, ಅವರ ಭಯ ಸುಳ್ಳಲ್ಲ. ಆದರೆ ಹೆದ್ದಾರಿ ಅಗಲ ಮಾಡೋಕೆ ಕಡಿದ ಮರಗಳೂ ಕಾಡಿನವೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಚಹಾದಂಗಡಿ, ಮನೆಮಂದಿ, ಲಾರಿ ಎಲ್ಲ ಗಂಗಾವಳಿ ನದಿಯ ಪಾಲಾಯಿತಲ್ಲ, ಅಲ್ಲಿ ರೈಲು ಇರಲಿಲ್ಲ.

ರಸ್ತೆಯನ್ನು ಇನ್ನೂ ಅಗಲ ಮಾಡುವುದಾ, ಸುರಂಗ ಜಾಸ್ತಿ ಇರುವ ಒಂಟಿ ಹಳಿಯಾ ಅಂತ ಕೇಳಿದರೆ ನನ್ನ ಓಟು ಹಳಿಗೆ. ಎರಡನ್ನೂ ಮಾಡ್ತೀವಿ ಅಂದರೆ ನಾನೂ ವಿರೋಧಿಸುವವರ ಜೊತೆಗೇ ಬಂದು ಕೂರುತ್ತೇನೆ.