ಹೊಸ ನಕ್ಷೆಯಲ್ಲಿ ಆ ಅಜ್ಜಿಯ ಮನೆ ಎಲ್ಲಿದೆ?

ಹೋದ ವಾರ ನಮ್ಮ ಏರಿಯಾದ ಲೈಬ್ರರಿಯಲ್ಲಿ ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್‌ನವರು ಏರಿಯಾವನ್ನು ಹೊಸದಾಗಿ ಕಟ್ಟುವ ಯೋಜನೆಯ ಬೋರ್ಡುಗಳನ್ನು ಇಟ್ಟಿದ್ದರು. ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ ಆಯಿತು, ಇಂಥದ್ದಕ್ಕೆ ನಾನು ಹೋಗಿದ್ದು ಇದೇ ಮೊದಲು. "ಎಲ್ಲರನ್ನೂ ಒಳಗೊಂಡ ಆರ್ಥಿಕ ಬೆಳವಣಿಗೆ" ಅಂತ ಮೊದಲ ಬೋರ್ಡಿನಲ್ಲೇ ದೊಡ್ಡದಾಗಿ ಬರೆದಿತ್ತು. ಒಳಗೆ ಬಂದವರ ಕೈಗೆ ಹಸಿರು ಮತ್ತು ಕೆಂಪು ಸ್ಟಿಕ್ಕರ್ ಕೊಡುತ್ತಿದ್ದರು. ಇಷ್ಟವಾದದ್ದಕ್ಕೆ ಹಸಿರು, ಆಗದ್ದಕ್ಕೆ ಕೆಂಪು. ಚಿತ್ರಗಳು ಚೆನ್ನಾಗಿಯೇ ಇದ್ದವು. ಎತ್ತರದ ಮನೆಗಳು, ಸಾಲು ಮರ, ಸೈಕಲ್ ದಾರಿ. ನಾನೂ ಮರಗಳಿಗೆ ಒಂದು ಹಸಿರು ಅಂಟಿಸಿದೆ.

ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದರು, ಎಪ್ಪತ್ತೈದು ದಾಟಿರಬಹುದು. ಎರಡೂ ಸ್ಟಿಕ್ಕರ್ ಎಡಗೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋಗಿ ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು. ಚರ್ಚ್ ಸಿಕ್ಕಿತು. ಬಸ್ ಸ್ಟಾಪ್ ಸಿಕ್ಕಿತು. ಬೆರಳು ಅಲ್ಲಿಂದ ಎಡಕ್ಕೆ ಹೋಗಿ ಒಂದು ಹುಲ್ಲುಹಾಸಿನ ಮೇಲೆ ನಿಂತಿತು. "ನನ್ನ ಮನೆ ಇದರಲ್ಲಿ ಎಲ್ಲಿದೆ, ತೋರಿಸ್ತೀರಾ?" ಅಂತ ಅಲ್ಲಿದ್ದ ಹುಡುಗನನ್ನು ಕೇಳಿದರು. ಪಾಪ, ಅವನು ಒಳ್ಳೆಯವನೇ. ಇದು ಇನ್ನೂ ಕರಡು, ಏನೂ ತೀರ್ಮಾನ ಆಗಿಲ್ಲ ಅಂದ. ಅಜ್ಜಿ ತಲೆಯಾಡಿಸಿದರು, ಸ್ಟಿಕ್ಕರ್ ಎರಡನ್ನೂ ಮೇಜಿನ ಮೇಲೆ ವಾಪಸ್ ಇಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು.

ಅವತ್ತಿನಿಂದ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ಊರು ಬೆಳೆಯಬಾರದು ಅಂತ ನಾನು ಹೇಳುತ್ತಿಲ್ಲ. ಸೋರುವ ಮನೆ, ಮುಚ್ಚಿದ ಅಂಗಡಿ ಸಾಲು, ಕೆಲಸ ಇಲ್ಲದೆ ಊರು ಬಿಡುವ ಹುಡುಗರು, ಇದನ್ನೆಲ್ಲ ದಿನಾ ನೋಡ್ತೀವಿ. ಆದರೆ "ಎಲ್ಲರೂ" ಅಂತ ಬರೆದ ಮೇಲೆ, ಈಗ ಅಲ್ಲಿ ಇರುವವರು ಕೆಲಸ ಮುಗಿದ ಮೇಲೂ ಅಲ್ಲೇ ಇರುತ್ತಾರಾ ಅನ್ನೋದು ಮೊದಲ ಪ್ರಶ್ನೆ ಆಗಬೇಕು, ಅಲ್ವಾ? ಎಷ್ಟು ಮನೆ ಕಟ್ತಾರೆ, ಎಷ್ಟು ಬಂಡವಾಳ ಬರುತ್ತೆ ಅನ್ನೋದೆಲ್ಲ ಆಮೇಲೆ.

ಲಂಡನ್ನಿನ ಎಲಿಫೆಂಟ್ ಅಂಡ್ ಕಾಸಲ್ ಹತ್ತಿರ ಹೇಗೇಟ್ ಎಸ್ಟೇಟ್ ಅಂತ ಒಂದಿತ್ತು. 1974ರಲ್ಲಿ ಕಟ್ಟಿ ಮುಗಿಸಿದ್ದು, ಸುಮಾರು 1,200 ಮನೆ, ಬಹುಪಾಲು ಕೌನ್ಸಿಲ್ ಕಡಿಮೆ ಬಾಡಿಗೆಗೆ ಕೊಡುತ್ತಿದ್ದವು. ಪುನರುಜ್ಜೀವನದ ಹೆಸರಲ್ಲಿ ವರ್ಷಗಟ್ಟಲೆ ಜನರನ್ನು ಬೇರೆಡೆಗೆ ಕಳಿಸಿ, ಎಲ್ಲವನ್ನೂ ಕೆಡವಿದರು. 2014ರ ಹೊತ್ತಿಗೆ ನೆಲಸಮ. ಆ ಜಾಗದಲ್ಲಿ 2,500ಕ್ಕೂ ಜಾಸ್ತಿ ಹೊಸ ಮನೆ ಎದ್ದವು. ಅದರಲ್ಲಿ ಹಳೆಯ ಲೆಕ್ಕದ ಅಗ್ಗದ ಬಾಡಿಗೆಗೆ ಇಟ್ಟಿದ್ದು ನೂರರ ಆಸುಪಾಸು ಅಷ್ಟೇ. ಮನೆ ದುಪ್ಪಟ್ಟಾಯಿತು, ಬಡವರ ಮನೆ ಮೊದಲಿದ್ದುದರ ಹತ್ತರಲ್ಲಿ ಒಂದು ಪಾಲಾಯಿತು. ಜಾಗ ಹೋಗಿದ್ದು ಸುಮಾರು 5 ಕೋಟಿ ಪೌಂಡ್‌ಗೆ. ಜನರನ್ನು ಎಬ್ಬಿಸಿ ಜಾಗ ಖಾಲಿ ಮಾಡಿಸೋಕೇ ಅಲ್ಲಿನ ಸದರ್ಕ್ ಕೌನ್ಸಿಲ್‌ಗೆ 4.4 ಕೋಟಿಯಷ್ಟು ಖರ್ಚಾಗಿತ್ತು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಸ್ವಂತ ಫ್ಲ್ಯಾಟ್ ಇದ್ದವರಿಗೆ ಕೊಟ್ಟ ಪರಿಹಾರದಲ್ಲಿ ಅದೇ ಏರಿಯಾದಲ್ಲಿ ಇನ್ನೊಂದು ಮನೆ ಸಿಗುತ್ತಿರಲಿಲ್ಲ. ಹಲವರು ಲಂಡನ್ನಿನ ಅಂಚಿಗೆ, ಅದಕ್ಕೂ ಆಚೆಗೆ ಹೋದರು. ಅಲ್ಲೇ ಪಕ್ಕದಲ್ಲಿ 1965ರಿಂದ ಇದ್ದ ಶಾಪಿಂಗ್ ಸೆಂಟರ್ ಕೂಡ 2020ರಲ್ಲಿ ಬಾಗಿಲು ಹಾಕಿತು. ಲ್ಯಾಟಿನ್ ಅಮೆರಿಕದಿಂದ ಬಂದ ಎಷ್ಟೋ ಕುಟುಂಬಗಳ ಚಿಕ್ಕ ಅಂಗಡಿಗಳು ಅಲ್ಲಿದ್ದವು.

ಇಲ್ಲಿ "ಅಫೋರ್ಡೆಬಲ್" ಅನ್ನೋ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೇಳಿದರೆ ನಮ್ಮ ಕೈಗೆಟುಕುವ ಮನೆ ಅನ್ನಿಸುತ್ತೆ. ಆದರೆ 2011ರಿಂದ ಈಚೆಗೆ ಮಾರುಕಟ್ಟೆ ಬಾಡಿಗೆಯ ಶೇ. 80ರವರೆಗೆ ಇದ್ದರೂ ಅದಕ್ಕೆ "ಅಫೋರ್ಡೆಬಲ್ ರೆಂಟ್" ಅಂತ ಹೆಸರು. ಲಂಡನ್ನಿನಲ್ಲಿ ಶೇ. 80 ಅಂದರೆ ಕ್ಲೀನಿಂಗ್ ಕೆಲಸದವರಿಗೆ, ಕೇರ್ ಹೋಮಿನಲ್ಲಿ ದುಡಿಯುವವರಿಗೆ ಎಲ್ಲಿ ಕಟ್ಟೋಕಾಗುತ್ತೆ? ಹಳೆಯ ಕೌನ್ಸಿಲ್ ಬಾಡಿಗೆಗೆ "ಸೋಷಿಯಲ್ ರೆಂಟ್" ಅಂತಾರೆ, ಅದು ಇದಕ್ಕಿಂತ ತುಂಬಾ ಕಡಿಮೆ. ಯೋಜನೆಯ ಕಾಗದದಲ್ಲಿ ಎರಡನ್ನೂ ಸೇರಿಸಿ ಒಂದೇ ಸಂಖ್ಯೆ ಕೊಟ್ಟಿದ್ದರೆ, ಬಿಡಿಸಿ ಕೊಡಿ ಅಂತ ಕೇಳಿ. ಇನ್ನೊಂದು, ಕಟ್ಟಡಕ್ಕೆ ಅನುಮತಿ ಕೊಡುವಾಗ ಇಷ್ಟು ಮನೆ ಕಡಿಮೆ ಬಾಡಿಗೆಗೆ ಅಂತ ಬಿಲ್ಡರ್ ಜೊತೆ ಒಪ್ಪಂದ ಆಗುತ್ತೆ, ಅದಕ್ಕೆ ಸೆಕ್ಷನ್ 106 ಅಂತ ಹೆಸರು. ಆಮೇಲೆ ಬಿಲ್ಡರ್ ಬಂದು ಖರ್ಚು ಜಾಸ್ತಿಯಾಯಿತು, ಲಾಭ ಉಳಿಯಲ್ಲ ಅಂತ ಲೆಕ್ಕ ತೋರಿಸಿ ಆ ಸಂಖ್ಯೆಯನ್ನು ಇಳಿಸಿಕೊಳ್ಳುವುದುಂಟು. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಣ್ಣಿಡಬೇಕಾದ ಜಾಗ ಇದು, ಯಾಕಂದರೆ ಆ ಹೊತ್ತಿಗೆ ಬೋರ್ಡುಗಳೂ ಇರಲ್ಲ, ಸ್ಟಿಕ್ಕರೂ ಇರಲ್ಲ.

ಕೌನ್ಸಿಲ್‌ಗಳ ಕಷ್ಟವೂ ನಿಜ. 2010ರಿಂದ ಕೇಂದ್ರ ಸರ್ಕಾರದ ಅನುದಾನ ಸಿಕ್ಕಾಪಟ್ಟೆ ಇಳಿದಿದೆ. ಕೈಯಲ್ಲಿ ಉಳಿದಿರುವುದು ಜಾಗ ಒಂದೇ. ಮಾರಬೇಕು, ಇಲ್ಲ ಸಾಲ ಮಾಡಬೇಕು. ವೋಕಿಂಗ್ ಕೌನ್ಸಿಲ್ ಎತ್ತರದ ಕಟ್ಟಡ, ಹೋಟೆಲ್ ಅಂತ ಊರಿನ ನಡುವೆ ದೊಡ್ಡ ಯೋಜನೆಗೆ ಕೈಹಾಕಿ, 100 ಕೋಟಿ ಪೌಂಡಿಗೂ ಮೀರಿ ಸಾಲ ಹೊತ್ತು, 2023ರಲ್ಲಿ ನಮ್ಮಿಂದ ಲೆಕ್ಕ ಸರಿದೂಗಿಸೋಕೆ ಆಗಲ್ಲ ಅಂತ ಸೆಕ್ಷನ್ 114 ನೋಟಿಸ್ ಹೊರಡಿಸಬೇಕಾಯಿತು. ಅಂಥ ಸಾಲದ ಪೆಟ್ಟು ಕೊನೆಗೆ ಬೀಳುವುದು ಊರಿನ ಜನರ ಮೇಲೆ.

ಹಾಗಾದರೆ ಬೇರೆ ದಾರಿ ಇಲ್ವಾ? ಇದೆ. ನನಗೆ ಧೈರ್ಯ ಕೊಟ್ಟಿದ್ದು ಪ್ರೆಸ್ಟನ್.

ಲ್ಯಾಂಕಶೈರ್‌ನ ಈ ಊರೂ ಮೊದಲು ದೊಡ್ಡ ಕನಸನ್ನೇ ನಂಬಿತ್ತು. ಸುಮಾರು 70 ಕೋಟಿ ಪೌಂಡಿನ ಟೈದ್‌ಬಾರ್ನ್ ಯೋಜನೆ, ಹೊಸ ಶಾಪಿಂಗ್ ಸೆಂಟರ್. ಮುಖ್ಯ ಅಂಗಡಿಯಾಗಿ ಬರಬೇಕಿದ್ದ ಜಾನ್ ಲೂಯಿಸ್ 2011ರಲ್ಲಿ ಹಿಂದೆ ಸರಿಯಿತು, ಯೋಜನೆ ಅಲ್ಲಿಗೇ ಬಿತ್ತು. ಆಮೇಲೆ ಕೌನ್ಸಿಲರ್ ಮ್ಯಾಥ್ಯೂ ಬ್ರೌನ್ ಮತ್ತು ಜೊತೆಯವರು, ಹೊರಗಿನಿಂದ ಬರೋ ದುಡ್ಡು ಬಿಡಿ, ಊರಲ್ಲಿ ಈಗಾಗಲೇ ಖರ್ಚಾಗುತ್ತಿರುವ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ನೋಡಲು ಹೊರಟರು. ಕೌನ್ಸಿಲ್, ಪೊಲೀಸ್, ಕಾಲೇಜು, ಹೌಸಿಂಗ್ ಅಸೋಸಿಯೇಶನ್ ಹೀಗೆ ಊರಿನ ದೊಡ್ಡ ಸಂಸ್ಥೆಗಳನ್ನು ಒಟ್ಟಿಗೆ ಕೂರಿಸಿ ಬಿಲ್ಲುಗಳನ್ನು ಬಿಚ್ಚಿದರು. 2012-13ರಲ್ಲಿ ಪ್ರೆಸ್ಟನ್ ಒಳಗೇ ಖರ್ಚಾಗಿದ್ದು 3.8 ಕೋಟಿ ಪೌಂಡ್, ಒಟ್ಟು ಖರ್ಚಿನ ಶೇ. 5. 2016-17ಕ್ಕೆ ಅದು 11 ಕೋಟಿ ದಾಟಿತು. ಆ ಅವಧಿಯಲ್ಲಿ ಅವರ ಒಟ್ಟು ಖರ್ಚು ಏರಿರಲಿಲ್ಲ, ಇಳಿದಿತ್ತು. ಅಷ್ಟಿದ್ದೂ ಊರೊಳಗೆ ಖರ್ಚಾದ ದುಡ್ಡು ಮೂರು ಪಟ್ಟಿನ ಹತ್ತಿರ ಆಯಿತು.

ಇದು ಹೇಗೆ ಆಯಿತು ಅನ್ನೋದಕ್ಕೆ ಶಾಲೆ ಊಟದ ಕಥೆ ಸಾಕು. ಲ್ಯಾಂಕಶೈರ್ ಕೌಂಟಿ ಕೌನ್ಸಿಲ್ ಶಾಲೆಗಳ ಊಟದ ಸಾಮಾನಿಗೆಲ್ಲ ಒಂದೇ ದೊಡ್ಡ ಟೆಂಡರ್ ಕರೆದಿತ್ತು. ಅಷ್ಟು ದೊಡ್ಡದಕ್ಕೆ ಊರಿನ ಸಣ್ಣ ವ್ಯಾಪಾರಿಗಳು ಎಲ್ಲಿಂದ ಅರ್ಜಿ ಹಾಕ್ತಾರೆ? ಆಮೇಲೆ ಅದನ್ನೇ ತುಂಡು ಮಾಡಿದರು. ಮೊಸರಿಗೆ ಒಂದು, ಮೊಟ್ಟೆಗೆ ಒಂದು, ಹಾಲಿಗೆ, ಚೀಸಿಗೆ ಬೇರೆ ಬೇರೆ. ಅಲ್ಲಿನ ರೈತರಿಂದ ಕೊಳ್ಳುವ ಸ್ಥಳೀಯರಿಗೇ ಆ ಗುತ್ತಿಗೆಗಳೆಲ್ಲ ಸಿಕ್ಕವು. ಮಕ್ಕಳು ತಿಂದಿದ್ದು ಅದೇ ಮೊಸರು, ದುಡ್ಡು ಮಾತ್ರ ಪಕ್ಕದ ಹೊಲದವರ ಕೈ ಸೇರಿತು. ಸುಮ್ನೆ ಒಂದು ಟೆಂಡರ್ ಕಾಗದದ ಗಾತ್ರ ಬದಲಾಗಿದ್ದಕ್ಕೆ ಇಷ್ಟು! ಮಾರ್ಕೆಟ್ಟಿನ ವಿಷಯದಲ್ಲೂ ಅಷ್ಟೇ. 1875ರ ಕಾಲದ ಕಬ್ಬಿಣದ ಮಾಡನ್ನು ಉಳಿಸಿ, ಊರಿನದೇ ಕಂಪನಿಯಿಂದ ದುರಸ್ತಿ ಮಾಡಿಸಿ 2018ರಲ್ಲಿ ಮತ್ತೆ ತೆರೆದರು.

ಪ್ರೆಸ್ಟನ್‌ನಲ್ಲಿ ಬಡತನ ಹೋಗಿದೆ ಅಂತಲ್ಲ, ಇನ್ನೂ ಕಷ್ಟದಲ್ಲಿರುವ ಬೀದಿಗಳು ಅಲ್ಲಿವೆ. ಎಲ್ಲ ಊರೂ ಹೀಗೆ ಮಾಡಿದರೆ ಪಕ್ಕದ ಊರಿಗೆ ನಷ್ಟ ಅನ್ನುವವರೂ ಇದ್ದಾರೆ. ಆದರೆ ದೂರದ ದೊಡ್ಡ ಕಂಪನಿಗೆ ಹೋಗುತ್ತಿದ್ದ ದುಡ್ಡು ಊರಲ್ಲಿ ಉಳಿದರೆ ಪಕ್ಕದ ಊರಿನ ಬಾಯಿಂದ ಏನೂ ಕಿತ್ತುಕೊಂಡ ಹಾಗಾಗಲ್ಲ. ಅವರೂ ತಮ್ಮ ಬಿಲ್ಲು ಬಿಚ್ಚಿ ನೋಡಲಿ.

ಇಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ನಾವು ಬಾಡಿಗೆಯವರು, ನಾಳೆ ಇನ್ನೊಂದು ಊರು, ನಮಗ್ಯಾಕೆ ಅಂತ ಇಂಥದ್ದಕ್ಕೆ ತಲೆ ಹಾಕಲ್ಲ. ನಾನೂ ಹನ್ನೊಂದು ವರ್ಷ ಹಾಗೇ ಇದ್ದೆ, ಅದು ತಪ್ಪು. ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾ ಮೇಲೆ ಇಲ್ಲಿ ವಾಸ ಇದ್ದರೂ, ಕಾಮನ್‌ವೆಲ್ತ್ ದೇಶದವರು ಅನ್ನೋ ಕಾರಣಕ್ಕೆ ನಮಗೆ ಕೌನ್ಸಿಲ್ ಚುನಾವಣೆಯಲ್ಲಿ ವೋಟಿದೆ. ಹೆಸರು ನೋಂದಾಯಿಸಿಕೊಳ್ಳಬೇಕು ಅಷ್ಟೇ. ಲಂಡನ್ನಿನಲ್ಲಿರುವವರು ಇನ್ನೊಂದು ತಿಳಿದಿರಿ. ಮೇಯರ್ ಕಡೆಯ ಅನುದಾನ ಪಡೆದು ಸೋಷಿಯಲ್ ಮನೆಗಳನ್ನು ಕೆಡವುವ ದೊಡ್ಡ ಯೋಜನೆಗೆ 2018ರಿಂದ ಅಲ್ಲಿನ ನಿವಾಸಿಗಳ ಮತದಾನ ಆಗಲೇಬೇಕು. ಹೇಗೇಟ್‌ನವರಿಗೆ ಈ ಅವಕಾಶ ಇರಲಿಲ್ಲ.

ನಮ್ಮ ಕೌನ್ಸಿಲ್‌ನ ಅಭಿಪ್ರಾಯದ ಫಾರ್ಮ್ ಈ ತಿಂಗಳ ಕೊನೆಯವರೆಗೆ ತೆರೆದಿದೆ. ನಾನು ಕೇಳುವುದು ಮೂರೇ. ಸೋಷಿಯಲ್ ರೆಂಟ್ ಮನೆ ಈಗ ಎಷ್ಟು, ಆಮೇಲೆ ಎಷ್ಟು? ಈಗ ಇರುವವರಿಗೆ ವಾಪಸ್ ಬರುವ ಹಕ್ಕನ್ನು ಅದೇ ಬಾಡಿಗೆ ಲೆಕ್ಕದಲ್ಲಿ ಬರೆದು ಕೊಡ್ತೀರಾ? ಕಟ್ಟುವ ಕೆಲಸದ ಟೆಂಡರ್‌ಗಳನ್ನು ಊರಿನ ಸಣ್ಣ ಕಂಪನಿಗಳು ಹಾಕುವಷ್ಟು ಗಾತ್ರಕ್ಕೆ ಒಡೆಯುತ್ತೀರಾ?

ಅವತ್ತು ಹೊರಡುವ ಮೊದಲು ಅಜ್ಜಿಯ ಜೊತೆ ಸ್ವಲ್ಪ ಹೊತ್ತು ಕೂತಿದ್ದೆ. ಮೂವತ್ತೆಂಟು ವರ್ಷದಿಂದ ಅದೇ ಫ್ಲ್ಯಾಟ್, ಗಂಡ ತೀರಿಹೋದದ್ದೂ ಅಲ್ಲೇ. ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು, ಅವರಿಗೆ ಬರಲ್ಲ. ಶನಿವಾರ ಲ್ಯಾಪ್‌ಟಾಪ್ ತಗೊಂಡು ಅವರ ಮನೆಗೆ ಹೋಗ್ತಿದ್ದೀನಿ. ಏನು ಬರೀಬೇಕು ಅಂತ ಕೇಳಿದೆ. "ಮೊದಲು ನನ್ನ ಬಾಗಿಲ ನಂಬರ್ ಬರಿ. ಮೂರನೇ ಮಹಡಿ ಅಂತಲೂ ಬರಿ" ಅಂದರು.