ಅದು ಹಿಮಾಲಯದ ಹಕ್ಕಿ ಅಲ್ಲ ಕಣ್ರಪ್ಪ

"ಬ್ರಹ್ಮಗಿರಿಯಲ್ಲಿ ಹಿಮಾಲಯದ ಹಕ್ಕಿ ಪ್ರತ್ಯಕ್ಷ" ಅಂತ ಒಂದು ಫೋಟೋ ನಮ್ ಕೊಡಗಿನ ಗ್ರೂಪ್‌ಗಳಲ್ಲೆಲ್ಲ ಓಡಾಡ್ತಿದೆ, ಬೆಳಗ್ಗೆಯಿಂದ ನಂಗೇ ನಾಕು ಸಲ ಬಂತು. ಅದು ಎಲ್ಲಿಂದಲೂ ಬಂದಿದ್ದಲ್ಲ, ಇಲ್ಲೇ ಇರೋದು. ನೀಲಗಿರಿ ಶೋಲಾಕಿಳಿ, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕನ್ಫ್ಯೂಸ್ ಆಗೋಕೆ ಕಾರಣಾನೂ ಇದೆ ಅನ್ನಿ, ಹಿಂದೆ ಇದನ್ನ ಹಿಮಾಲಯದ ಶಾರ್ಟ್‌ವಿಂಗ್ ಅನ್ನೋ ಪುಟ್ಟ ಹಕ್ಕಿಗಳ ಜೊತೆ ಬ್ರಾಕಿಪ್ಟೆರಿಕ್ಸ್ ಅನ್ನೋ ಕುಲಕ್ಕೆ ಸೇರಿಸಿದ್ರು, ಆಮೇಲೆ ಡಿಎನ್‌ಎ ನೋಡಿ 2017ರಲ್ಲಿ ಶೋಲಿಕೋಲಾ ಅಂತ ಹೊಸ ಕುಲಾನೇ ಮಾಡಿದ್ರು, ಅಂದ್ರೆ ಶೋಲಾವಾಸಿ (ಶೋಲಾ ಅಂದ್ರೆ ಎತ್ತರದ ಬೆಟ್ಟದ ಕಣಿವೆಗಳಲ್ಲಿರೋ ಕುಳ್ಳ ಮರಗಳ ಕಾಡು). ಫೋಟೋನ ಸ್ವಲ್ಪ ಜೂಮ್ ಮಾಡಿ ನೋಡಿ, ಬೆನ್ನು ಎದೆ ಮಸಿನೀಲಿ, ಪಕ್ಕೆ ಇಟ್ಟಿಗೆ ಕೆಂಪು, ಹೊಟ್ಟೆ ಮಧ್ಯ ಬಿಳಿ. ಬೆಟ್ಟದ ಮೇಲಿನ ಶೋಲಾ ಕಾಡಲ್ಲಿ ತರಗೆಲೆ ಮಧ್ಯೆ ಹುಳ ಹೆಕ್ಕೊಂಡಿರತ್ತೆ, ಕೆಳಗೆ ನಿಮ್ ಕಾಫಿ ತೋಟದಲ್ಲಿ ಸಿಗೋದು ಡೌಟು.