ಬಟಾಟೆ ತಪ್ಪಲ್ಲ

ಆಸ್ಟ್ರಿಯಾದ ವಿಯೆನ್ನಾಕ್ಕೆ ಬಂದ ಹೊಸದರಲ್ಲಿ ಸಂತೆಗೆ ಹೋಗಿ 'ಕಾರ್ಟೋಫೆಲ್' ಕೊಡಿ ಅಂದೆ. ಆಲೂಗಡ್ಡೆಗೆ ನಾನು ಜರ್ಮನಿಯಲ್ಲಿದ್ದಾಗ ಕಲಿತ ಮಾತು ಅದು. ತರಕಾರಿ ಅಜ್ಜಿ ತೂಕ ಮಾಡುತ್ತಾ, ಮಣ್ಣು ಮೆತ್ತಿದ ಒಂದು ಗಡ್ಡೆಯನ್ನು ನನ್ನ ಮುಂದೆ ಹಿಡಿದು, "ಎರ್ಡೆಪ್ಫೆಲ್" ಅಂದರು. ಮಣ್ಣಿನ ಸೇಬು ಅಂತ ಅರ್ಥ. ರಾಶಿಯ ಮೇಲೆ ಚುಚ್ಚಿದ್ದ ಬೆಲೆಚೀಟಿಯಲ್ಲೂ ಅದೇ ಇತ್ತು.

ಒಂದು ಗಡ್ಡೆಗೆ ಯುರೋಪಿನಲ್ಲಿ ಎಷ್ಟು ಹೆಸರು! ಫ್ರೆಂಚರ 'ಪೊಮ್ ದ ತೇರ್', ಡಚ್ಚರ 'ಆರ್ದಾಪೆಲ್' ಕೂಡ ಮಣ್ಣಿನ ಸೇಬೇ. ಕಾರ್ಟೋಫೆಲ್ ಬಂದಿದ್ದು ನೆಲದೊಳಗೆ ಬೆಳೆಯುವ ಟ್ರಫಲ್ ಅಣಬೆಯ ಇಟಾಲಿಯನ್ ಹೆಸರಿನಿಂದ. ಜೆಕ್ಕರ 'ಬ್ರಾಂಬೊರ್' ಒಳಗೆ ಜರ್ಮನಿಯ ಬ್ರಾಂಡೆನ್‌ಬರ್ಗ್ ಸೀಮೆಯ ಹೆಸರೇ ಅಡಗಿದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ 'ಬತಾತ'. ಕೆರಿಬಿಯನ್ ದ್ವೀಪಗಳ ತೈನೊ ಜನ ಸಿಹಿಗೆಣಸಿಗೆ ಹೇಳುತ್ತಿದ್ದ ಮಾತು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವರು ಆಲೂಗಡ್ಡೆಗೆ 'ಪಾಪಾ' ಅನ್ನುತ್ತಿದ್ದರು. ಸ್ಪೇನಿನವರ ಬಾಯಲ್ಲಿ ಎರಡೂ ಕಲೆತು 'ಪತಾತ' ಆಯಿತು. ಪೋರ್ಚುಗೀಸರು ಬತಾತ ಅಂತಲೇ ಉಳಿಸಿಕೊಂಡರು, ನಮ್ಮ ಕರಾವಳಿಗೂ ತಂದರು. ನಮ್ಮ ಬಟಾಟೆ ಅದೇ ಅಲ್ವಾ!

ನಾನು ಉತ್ತರ ಕನ್ನಡದವನು. ನಾಲ್ಕನೇ ಕ್ಲಾಸಿನಲ್ಲಿ ಐದು ತರಕಾರಿ ಹೆಸರು ಬರೆಯಲು ಹೇಳಿದಾಗ ಮೊದಲು ಬರೆದದ್ದೇ ಬಟಾಟೆ. ಅದರ ಮೇಲೆ ಕೆಂಪು ಗೆರೆ ಬಿತ್ತು, ಪಕ್ಕದಲ್ಲಿ 'ಆಲೂಗಡ್ಡೆ' ಬಂತು. ಮನೆಯಲ್ಲಿ ಅಮ್ಮ ಆಡುವುದೇ ತಪ್ಪು ಮಾತೇನೋ ಅಂತ ಆವತ್ತು ತುಂಬಾ ನಾಚಿಕೆಯಾಗಿತ್ತು. 'ಆಲೂ' ಕೂಡ ಹೊರಗಿಂದ ಬಂದದ್ದೇ, 'ಗಡ್ಡೆ' ಒಂದೇ ನಮ್ಮದು. ಇದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಇಲ್ಲಿಯವರು ಆಡುವುದೂ ಜರ್ಮನ್ನೇ, ಆದರೂ ಏನು ಮಾಡಿದರು ನೋಡಿ. ಆಸ್ಟ್ರಿಯಾ 1995ರ ಜನವರಿ 1ರಂದು ಯುರೋಪಿಯನ್ ಒಕ್ಕೂಟಕ್ಕೆ ಸೇರಿತು. ಸೇರುವಾಗ ತನ್ನ ಅಡುಗೆಮನೆಯ 23 ಮಾತುಗಳನ್ನು ಒಪ್ಪಂದದ 10ನೇ ಪ್ರೋಟೊಕಾಲ್‌ನಲ್ಲೇ, ಅಂದರೆ ಅದಕ್ಕೆ ಸೇರಿಸಿದ ಪೂರಕ ಪತ್ರದಲ್ಲೇ, ಬರೆಸಿತು. ಎರ್ಡೆಪ್ಫೆಲ್ ಅದರಲ್ಲಿದೆ. ಟೊಮೇಟೊಗೆ ಇವರು ಹೇಳುವ 'ಪಾರಾಡೈಸರ್' ಕೂಡ ಇದೆ. ಜರ್ಮನಿಯ ಮಾತಿಗೆ ಎಷ್ಟು ಬೆಲೆಯೋ ಇವಕ್ಕೂ ಅಷ್ಟೇ.

ನಮಗೆ ಒಪ್ಪಂದ ಏನೂ ಬೇಡ. ಪಠ್ಯಪುಸ್ತಕದಲ್ಲಿ ಒಂದೇ ಚಿತ್ರದ ಕೆಳಗೆ ಆಲೂಗಡ್ಡೆ, ಬಟಾಟೆ, ಉರುಳಗಡ್ಡೆ ಮೂರೂ ಇದ್ದರೆ ಸಾಕು. ನನ್ನ ಮಗಳ ಕನ್ನಡ ಪುಸ್ತಕದಲ್ಲಿ ಆಲೂಗಡ್ಡೆ ಅಂತ ಮಾತ್ರ ಇತ್ತು. ಉಳಿದೆರಡನ್ನು ನಾನೇ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಮುಂದಿನ ಮುದ್ರಣದಲ್ಲಾದರೂ ಅವು ಅಚ್ಚಾಗಿಯೇ ಬರಲಿ.